ಫೋಟೋ ನಿಮ್ಮದು, ನೆಗೆಟಿವ್ ಯಾರದು?

ಮನೆಯಲ್ಲಿ ಹಳೇ ಕಪ್ಪು-ಬಿಳುಪು ಫೋಟೋ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ನೇರಳೆ ಬಣ್ಣದ ರಬ್ಬರ್ ಸೀಲ್ ಇದ್ದರೂ ಇರಬಹುದು. ಸ್ಟುಡಿಯೋ ಹೆಸರು, ಊರು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದ ಒಂದು ನಂಬರ್. ಆ ನಂಬರ್ ಹೇಳಿದರೆ ಎಷ್ಟೋ ವರ್ಷ ಆದಮೇಲೂ ಇನ್ನೊಂದು ಕಾಪಿ ಸಿಗುತ್ತಿತ್ತು. ಯಾಕೆಂದರೆ ನೆಗೆಟಿವ್, ಅಂದರೆ ಕಪ್ಪು ಬಿಳುಪಾಗಿ ಬಿಳುಪು ಕಪ್ಪಾಗಿ ಮೂಡಿದ ಮೂಲ ಫಿಲ್ಮ್, ಸ್ಟುಡಿಯೋದಲ್ಲೇ ಇರುತ್ತಿತ್ತು.

ತಿಪಟೂರಿನಲ್ಲಿ ನಮ್ಮ ಸೋದರಮಾವ ಇಂಥದ್ದೇ ಒಂದು ಸ್ಟುಡಿಯೋ ಇಟ್ಟಿದ್ದರು. ಬೇಸಿಗೆ ರಜೆ ಬಂದರೆ ನಾನು ಅಲ್ಲೇ. ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆ ಕುಡಿಯುತ್ತಾ, ಟ್ರೇ ಅಲ್ಲಾಡಿಸುತ್ತಾ ನಿಂತಿರುತ್ತಿದ್ದೆ. ಯಾರಾದರೂ ಗಿರಾಕಿ 'ನೆಗೆಟಿವನ್ನೂ ಕೊಟ್ಟುಬಿಡಿ' ಅಂದರೆ ಮಾವನ ಮುಖ ಬದಲಾಗುತ್ತಿತ್ತು. 'ಫೋಟೋ ಮಾರಿದ್ದೀನಿ ಸ್ವಾಮಿ, ನೆಗೆಟಿವ್ ಮಾರಿಲ್ಲ' ಅನ್ನುತ್ತಿದ್ದರು. ಆಗ ನನಗೆ ಅದು ಜಿಪುಣತನ ಅನಿಸುತ್ತಿತ್ತು. ನಾನೂ ಒಂದಷ್ಟು ವರ್ಷ ಕ್ಯಾಮೆರಾ ಹಿಡಿದು ಅನ್ನ ತಿಂದಮೇಲೆ ಗೊತ್ತಾಯಿತು, ಈ ಕಸುಬಿನ ಅರ್ಧ ಗುಟ್ಟು ಆ ಒಂದು ಮಾತಿನಲ್ಲೇ ಇದೆ.

'ಫೋಟೋಗ್ರಾಫರ್ ಆಗಬೇಕು, ಏನು ಓದಬೇಕು?' ಅಂತ ಹುಡುಗರು ಕೇಳುತ್ತಿರುತ್ತಾರೆ. ಡಾಕ್ಟರಿಗೂ ವಕೀಲರಿಗೂ ಇರುವ ಹಾಗೆ ಇದಕ್ಕೊಂದು ಹೆದ್ದಾರಿ ಇಲ್ಲ. ಎಂಜಿನಿಯರ್ ಬಂದಿದ್ದಾರೆ, ಅರ್ಥಶಾಸ್ತ್ರ ಓದಿದವರು ಬಂದಿದ್ದಾರೆ, ನಾಟಕದ ನಟ ಬಂದಿದ್ದಾರೆ. ಒಳಗೆ ಬಂದಮೇಲೂ ಒಬ್ಬೊಬ್ಬರದು ಒಂದೊಂದು ದಾರಿ. ಆದರೆ ಯಾವ ದಾರಿಯನ್ನಾದರೂ ಅರ್ಥ ಮಾಡಿಕೊಳ್ಳಲು ನಾನು ಎರಡೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ದುಡ್ಡು ಕೊಡುವವರು ಯಾರು? ನೆಗೆಟಿವ್ ಯಾರ ಹತ್ತಿರ ಉಳಿಯುತ್ತದೆ? ಈಗ ನೆಗೆಟಿವ್ ಇಲ್ಲ, ಮೆಮೊರಿ ಕಾರ್ಡಿನ ಫೈಲ್ ಇದೆ, ಅದರ ಹಕ್ಕು ಇದೆ. ಪ್ರಶ್ನೆ ಮಾತ್ರ ಹಳೆಯದೇ.

ಮೊದಲು ರಾಜರ ಕಾಲಕ್ಕೆ ಹೋಗೋಣ. ಲಾಲಾ ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧನಾದಲ್ಲಿ. ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನಲ್ಲಿ ಸರ್ಕಾರಿ ಕಟ್ಟಡಗಳ ಅಂದಾಜುಪಟ್ಟಿ ಹಾಕುವ, ನಕ್ಷೆ ಬರೆಯುವ ಕೆಲಸಕ್ಕೆ ಸೇರಿದವರು. ಕ್ಯಾಮೆರಾ ಬಂದಿದ್ದು ಹವ್ಯಾಸವಾಗಿ. ಬ್ರಿಟಿಷ್ ಅಧಿಕಾರಿಗಳು, ಇಂದೋರಿನ ಮಹಾರಾಜರು ಬೆನ್ನಿಗೆ ನಿಂತರು. ಕೊನೆಗೆ ಹೈದರಾಬಾದಿನ ಆರನೇ ನಿಜಾಮರ ಆಸ್ಥಾನದ ಫೋಟೋಗ್ರಾಫರ್ ಆದರು, ನಿಜಾಮರಿಂದ 'ರಾಜಾ' ಬಿರುದೂ ಪಡೆದರು. ಅಷ್ಟಾದರೂ ಅವರು ಬರೀ ಆಸ್ಥಾನವನ್ನು ನಂಬಿ ಕೂರಲಿಲ್ಲ. ಸಿಕಂದರಾಬಾದಿನಲ್ಲಿ, ಬೊಂಬಾಯಿಯಲ್ಲಿ ದುಡ್ಡು ಕೊಟ್ಟು ಬರುವ ಜನರಿಗೆ ಸ್ಟುಡಿಯೋ ತೆರೆದರು. 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಬೇರೆ ಸ್ಟುಡಿಯೋ ಮಾಡಿದರು. ಪರದೆಯ ಹಿಂದಿನ ಮನೆತನದ ಹೆಂಗಸರು ಗಂಡಸಿನ ಮುಂದೆ ಕೂರುವ ಹಾಗಿರಲಿಲ್ಲ. ಹಾಗಾಗಿ ಒಬ್ಬ ಯುರೋಪಿಯನ್ ಮಹಿಳೆಯನ್ನು ಅದರ ಉಸ್ತುವಾರಿಗೆ ಇಟ್ಟರು. ಗಿರಾಕಿ ಯಾಕೆ ಬರುತ್ತಿಲ್ಲ ಅಂತ ಯೋಚಿಸಿ, ಆ ಅಡ್ಡಿ ತೆಗೆದು, ಹೊಸ ಗಿರಾಕಿಗಳನ್ನು ಸಂಪಾದಿಸಿದ ಜಾಣತನ ಇದು. ಕೈ ಎಷ್ಟು ಚೆನ್ನಾಗಿದ್ದರೂ ಈ ಲೆಕ್ಕ ಬಾರದಿದ್ದರೆ ಸ್ಟುಡಿಯೋ ನಡೆಯುವುದಿಲ್ಲ.

ನಮ್ಮ ಮಾವನದು ಅದೇ ವಂಶದ ತೀರಾ ಸಣ್ಣ ಕೊಂಬೆ. ಪಾಸ್‌ಪೋರ್ಟ್ ಸೈಜಿನ ಫೋಟೋ, ಮಗುವಿನ ನಾಮಕರಣ, ಹೆಣ್ಣು ತೋರಿಸಲು ಕಳಿಸುವ ಫೋಟೋ, ಶಾಲೆಯ ಗ್ರೂಪ್ ಫೋಟೋ. ಗ್ರೂಪ್ ಫೋಟೋ ಅಂದರೆ ಹಬ್ಬ, ಯಾಕೆಂದರೆ ಒಂದು ನೆಗೆಟಿವ್, ನಲವತ್ತು ಕಾಪಿ. ಲಾಭ ಇದ್ದಿದ್ದು ಫೋಟೋ ತೆಗೆಯುವುದರಲ್ಲಲ್ಲ, ಮತ್ತೆ ಮತ್ತೆ ಪ್ರಿಂಟ್ ಹಾಕುವುದರಲ್ಲಿ. ನೆಗೆಟಿವ್ ಕೈಬಿಟ್ಟರೆ ಮುಂದಿನ ಇಪ್ಪತ್ತು ವರ್ಷದ ಸಣ್ಣಪುಟ್ಟ ವ್ಯಾಪಾರ ಕೈಬಿಟ್ಟ ಹಾಗೆ.

ಇಲ್ಲೊಂದು ತಮಾಷೆ ಇದೆ. ಮಾವನ ಮಾತು ರೂಢಿಯ ಪ್ರಕಾರ ಸರಿ, ಕಾನೂನಿನ ಪ್ರಕಾರ ಪೂರ್ತಿ ಸರಿಯಲ್ಲ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಫೋಟೋ ತೆಗೆದವರನ್ನೇ ಅದರ ಕರ್ತೃ ಅನ್ನುತ್ತದೆ. ಆದರೆ ಮಾಲೀಕ ಯಾರು ಅನ್ನುವುದು ಬೇರೆ ವಿಷಯ. ಸೆಕ್ಷನ್ 17ರ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ಆ ತೆಗೆಸಿದವರೇ. ಬೇರೆ ಥರ ಒಪ್ಪಂದ ಇದ್ದರೆ ಮಾತ್ರ ಇದು ಬದಲಾಗುತ್ತದೆ. ಅಂದರೆ ಸೆಲ್ಯುಲಾಯ್ಡ್ ತುಂಡು ಮಾವನ ಪೆಟ್ಟಿಗೆಯಲ್ಲಿ ಇರಬಹುದು, ಅದರೊಳಗಿನ ಚಿತ್ರದ ಹಕ್ಕು ಎದುರು ಸ್ಟೂಲಿನ ಮೇಲೆ ಕೂತವನದು. ವಸ್ತು ಬೇರೆ, ಹಕ್ಕು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಈ ಕಸುಬಿನಲ್ಲಿ ಎಷ್ಟೋ ಜನ ಜಗಳ ಆಡಿದ್ದಾರೆ.

ಪತ್ರಿಕೆಯವರ ಕಥೆ ಬೇರೆ. ಅಲ್ಲಿ ಸಂಬಳ ಇದೆ. ಸಂಬಳಕ್ಕಿರುವ ಪತ್ರಿಕಾ ಛಾಯಾಗ್ರಾಹಕರ ವಿಷಯದಲ್ಲಿ ಅದೇ ಸೆಕ್ಷನ್ 17 ಇನ್ನೊಂದು ಮಾತು ಹೇಳುತ್ತದೆ. ಕೆಲಸದ ಭಾಗವಾಗಿ ತೆಗೆದ ಫೋಟೋವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಪತ್ರಿಕೆಯ ಮಾಲೀಕರದು, ಉಳಿದ ಹಕ್ಕೆಲ್ಲ ತೆಗೆದವರದು. ಪುಸ್ತಕ ಮಾಡಬಹುದು, ಪ್ರದರ್ಶನ ಇಡಬಹುದು. ಇದೂ 'ಬೇರೆ ಒಪ್ಪಂದ ಇಲ್ಲದಿದ್ದರೆ' ಅನ್ನುವ ಷರತ್ತಿನ ಮೇಲೆ. ನೇಮಕಾತಿ ಪತ್ರದ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಏನಿರುತ್ತದೆ ಅಂತ ಓದದೆ ಸಹಿ ಹಾಕುವವರೇ ಜಾಸ್ತಿ. ನಾನೂ ಹಾಗೇ ಹಾಕಿದ್ದೆ.

ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ನೋಡಿ. 1923ರಲ್ಲಿ ಹುಟ್ಟಿದವರು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಅದರ ಛಾಯಾಗ್ರಾಹಕರಾದರು. ಆಮೇಲೆ ಇಲ್ಲಸ್ಟ್ರೇಟೆಡ್ ವೀಕ್ಲಿ. ಆಮೇಲೆ ಸಂಬಳದ ಕೆಲಸ ಬಿಟ್ಟು ಸ್ವತಂತ್ರವಾಗಿ ನಿಂತರು. ಅಮೆರಿಕದ ಲೈಫ್ ಪತ್ರಿಕೆಗೆ ತೆಗೆದರು, ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗೆ ಹಳ್ಳಿ ಹಳ್ಳಿ ತಿರುಗಿದರು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ನ್ಯೂಯಾರ್ಕಿನಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. 2009ರಲ್ಲಿ ತೀರಿಕೊಳ್ಳುವ ಮುಂಚೆ, ಮೈಸೂರಿನ ಮನೆಯಲ್ಲಿ ಕೂತು ಹಳೇ ಚಿತ್ರಗಳ ಜೊತೆ ನೆನಪುಗಳನ್ನೂ ಬರೆದರು. ಇಳಿವಯಸ್ಸಿನಲ್ಲಿ ಆ ಬರಹಕ್ಕೆ ಬೆನ್ನೆಲುಬಾಗಿದ್ದು ಯೌವನದಲ್ಲಿ ತೆಗೆದ ಚಿತ್ರಗಳೇ. ಅವರದು ಗದ್ದಲದ ಫೋಟೋಗಳಲ್ಲ. ಸ್ಲೇಟು ಹಿಡಿದ ಮಗು, ಬೀದಿಯ ನಗು. ಮರುದಿನಕ್ಕೆ ಹಳತಾಗುವ ಸುದ್ದಿ ಅವುಗಳಲ್ಲಿ ಇಲ್ಲದ್ದರಿಂದ ಐವತ್ತು ವರ್ಷ ಆದರೂ ಬಾಳಿಕೆ ಬಂದವು.

ಹೋಮೈ ವ್ಯಾರಾವಾಲಾ ಅವರ ದಾರಿ ಇನ್ನೊಂದು ಥರ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಶುರುವಿನಲ್ಲಿ ಅವರ ಫೋಟೋಗಳು ಗಂಡನ ಹೆಸರಿನಲ್ಲಿ ಅಚ್ಚಾದವು, ಯಾಕೆಂದರೆ ಹೆಂಗಸಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ 'ಡಾಲ್ಡಾ 13' ಅಂತ ಹೆಸರಿಟ್ಟುಕೊಂಡರು. ಹುಟ್ಟಿದ್ದು 1913ರಲ್ಲಿ, ಮುಂದೆ ಗಂಡನಾದವರನ್ನು ಮೊದಲು ನೋಡಿದ್ದು ಹದಿಮೂರನೇ ವಯಸ್ಸಿನಲ್ಲಿ, ಕಾರಿನ ನಂಬರ್ ಡಿಎಲ್‌ಡಿ 13. 1942ರಲ್ಲಿ ದೆಹಲಿಯಲ್ಲಿ ಬ್ರಿಟಿಷ್ ಮಾಹಿತಿ ಇಲಾಖೆಯ ಕೆಲಸಕ್ಕೆ ಸೇರಿದರು. ಕೆಲಸದ ಜೊತೆಗೆ ಹೊರಗಿನ ಪತ್ರಿಕೆಗಳಿಗೂ ತೆಗೆಯಲು ಅವಕಾಶ ಇತ್ತು. ಒಂದು ಕಾಲು ಸಂಬಳದಲ್ಲಿ, ಒಂದು ಕಾಲು ಹೊರಗೆ. ಈಗಲೂ ಬಹಳ ಜನ ಹೀಗೇ ಬದುಕುತ್ತಾರೆ. 1970ರಲ್ಲಿ ಅವರು ಕ್ಯಾಮೆರಾ ಕೆಳಗಿಟ್ಟರು, ಮತ್ತೆ ಎತ್ತಲಿಲ್ಲ. ದಶಕಗಳ ನಂತರ ಆ ಸಂಗ್ರಹ ದೆಹಲಿಯ ಅಲ್ಕಾಜಿ ಫೌಂಡೇಶನ್ ಸೇರಿತು. 2011ರಲ್ಲಿ ಪದ್ಮವಿಭೂಷಣ ಬಂತು, ಅಂದರೆ ಕೆಲಸ ಬಿಟ್ಟು ನಲವತ್ತು ವರ್ಷ ಕಳೆದಮೇಲೆ.

ನೆಗೆಟಿವ್ ಯಾರದು ಅನ್ನುವ ಜಗಳ ಜಗತ್ತಿನಲ್ಲಿ ನಿಜವಾಗಿ ಬಿಸಿಯೇರಿದ್ದು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. 1936ರಲ್ಲಿ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೋಮೊ ಹತ್ತಿರ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿಯ ಫೋಟೋ ತೆಗೆದರು. ಕೆನ್ನೆಗೆ ಕೈ ಹಚ್ಚಿದ ತಾಯಿ, ಎರಡು ಬದಿ ಮುಖ ಮರೆಸಿಕೊಂಡ ಮಕ್ಕಳು. ನೀವೂ ನೋಡಿರುತ್ತೀರಿ. ಲ್ಯಾಂಗ್ ಆಗ ಅಮೆರಿಕ ಸರ್ಕಾರದ ಸಂಬಳದಲ್ಲಿದ್ದರು. ಹಾಗಾಗಿ ಆ ಚಿತ್ರ ಸಾರ್ವಜನಿಕರ ಸ್ವತ್ತು. ಯಾರು ಬೇಕಾದರೂ ಅಚ್ಚು ಹಾಕಬಹುದು. ಅದು ಸಾವಿರ ಕಡೆ ಅಚ್ಚಾದರೂ ಲ್ಯಾಂಗ್‌ಗೆ ರಾಯಲ್ಟಿ ಇಲ್ಲ, ಚಿತ್ರದಲ್ಲಿದ್ದ ತಾಯಿಗಂತೂ ಏನೂ ಇಲ್ಲ.

1947ರಲ್ಲಿ ರಾಬರ್ಟ್ ಕಾಪಾ, ಹೆನ್ರಿ ಕಾರ್ಟಿಯೆ-ಬ್ರೆಸಾನ್, ಜಾರ್ಜ್ ರಾಜರ್, ಡೇವಿಡ್ ಸೀಮೋರ್ ಎಲ್ಲ ಸೇರಿ ಮ್ಯಾಗ್ನಂ ಅನ್ನುವ ಸಂಸ್ಥೆ ಕಟ್ಟಿದ್ದು ಹಕ್ಕು ತೆಗೆದವರ ಕೈಯಲ್ಲೇ ಉಳಿಯಲಿ ಅಂತ. ಅದು ಛಾಯಾಗ್ರಾಹಕರದೇ ಸಹಕಾರ ಸಂಘ. ನಮ್ಮೂರಿನ ಹಾಲಿನ ಸೊಸೈಟಿ ನೆನಪು ಮಾಡಿಕೊಳ್ಳಿ. ಕರೆಯುವವರೇ ಮಾಲೀಕರು. ಪತ್ರಿಕೆಗೆ ಫೋಟೋವನ್ನು ಒಂದು ಬಾರಿ ಬಳಸಲು ಕೊಡುವುದು, ಹಕ್ಕನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು. ಒಂದೇ ಚಿತ್ರವನ್ನು ಪ್ಯಾರಿಸ್ಸಿನ ಪತ್ರಿಕೆಗೂ ಕೊಡಬಹುದು, ಲಂಡನ್ನಿನದಕ್ಕೂ ಕೊಡಬಹುದು. ನಮ್ಮ ಮಾವನಿಗೆ ಈ ಕಥೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. 'ನಾನು ಅದನ್ನೇ ಅಲ್ವೇನೋ ಹೇಳ್ತಿದ್ದಿದ್ದು' ಅಂದರು.

ಮ್ಯಾಗ್ನಂ ಬಾಗಿಲು ರಘು ರಾಯ್ ಅವರಿಗೆ ತೆರೆದದ್ದು 1977ರಲ್ಲಿ, ಸ್ವತಃ ಕಾರ್ಟಿಯೆ-ಬ್ರೆಸಾನ್ ಹೆಸರು ಸೂಚಿಸಿದ ಮೇಲೆ. ರಾಯ್ ಓದಿದ್ದು ಸಿವಿಲ್ ಎಂಜಿನಿಯರಿಂಗ್. ಅಣ್ಣ ಎಸ್. ಪಾಲ್ ಫೋಟೋಗ್ರಾಫರ್. ತಮ್ಮ ತೆಗೆದ ಒಂದು ಕತ್ತೆಮರಿಯ ಚಿತ್ರವನ್ನು ಅಣ್ಣ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗೆ ಕಳಿಸಿದರು, ಅದು ಅಚ್ಚಾಯಿತು. ಕತ್ತೆಯ ದೆಸೆಯಿಂದ ಒಬ್ಬ ಎಂಜಿನಿಯರ್ ಕಳೆದುಹೋದರು ಅನ್ನಬಹುದು. ಬ್ರೆಜಿಲಿನ ಸೆಬಾಸ್ಟಿಯಾವ್ ಸಲ್ಗಾಡೊ ಕೂಡ ಹಾಗೇ. ಅವರು ಅರ್ಥಶಾಸ್ತ್ರಜ್ಞ, ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ ಕೆಲಸ. ಹೆಂಡತಿ ಲೇಲಿಯಾ ಕೊಂಡಿದ್ದ ಕ್ಯಾಮೆರಾ ಹಿಡಿದು ನೋಡಿದವರು 1973ರಲ್ಲಿ ಆ ಕೆಲಸವನ್ನೇ ಬಿಟ್ಟರು. ಮ್ಯಾಗ್ನಂನಲ್ಲಿ ವರ್ಷಗಟ್ಟಲೆ ಇದ್ದು, 1994ರಲ್ಲಿ ಅಲ್ಲಿಂದಲೂ ಹೊರಬಂದು ಗಂಡ-ಹೆಂಡತಿ ಸೇರಿ ತಮ್ಮದೇ ಏಜೆನ್ಸಿ ಮಾಡಿಕೊಂಡರು. ಒಬ್ಬರು ಫೋಟೋ ತೆಗೆಯುವುದು, ಇನ್ನೊಬ್ಬರು ಪುಸ್ತಕ ಮತ್ತು ಪ್ರದರ್ಶನ ರೂಪಿಸುವುದು. ಇಂಥ ದೊಡ್ಡ ಹೆಸರುಗಳ ಹಿಂದೆ ಬಹಳ ಸಲ ಲೆಕ್ಕ, ಜೋಡಣೆ, ಪತ್ರವ್ಯವಹಾರ ನೋಡಿಕೊಳ್ಳುವ ಇನ್ನೊಂದು ಜೀವ ಇರುತ್ತದೆ. ಫೋಟೋದ ಕೆಳಗೆ ಆ ಹೆಸರು ಇರುವುದಿಲ್ಲ.

ಸಿನಿಮಾದ ಸ್ಟಿಲ್ ಫೋಟೋಗ್ರಾಫರ್‌ಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಲ್ಕತ್ತೆಯ ನಿಮಾಯ್ ಘೋಷ್ ನಾಟಕದ ನಟ. ಟ್ಯಾಕ್ಸಿಯಲ್ಲಿ ಯಾರೋ ಮರೆತುಹೋದ ಒಂದು ಕ್ಯಾಮೆರಾ ಗೆಳೆಯನೊಬ್ಬನ ಮೂಲಕ ಅವರ ಕೈಗೆ ಬಂತು. ಅದನ್ನು ಹಿಡಿದು ಸತ್ಯಜಿತ್ ರಾಯ್ ಶೂಟಿಂಗಿಗೆ ಹೋದವರು ಮುಂದೆ ಸುಮಾರು ಇಪ್ಪತ್ತೈದು ವರ್ಷ ಅವರ ಜೊತೆಗೇ ಉಳಿದರು. ನಮ್ಮ ಗಾಂಧಿನಗರದಲ್ಲಿ ಪ್ರಗತಿ ಅಶ್ವತ್ಥನಾರಾಯಣ ಅವರ ಹೆಸರು ಗೊತ್ತಿಲ್ಲದ ಸಿನಿಮಾ ಪತ್ರಕರ್ತರಿಲ್ಲ. ಥಿಯೇಟರಿನ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸಲು, ಪೋಸ್ಟರ್ ಮಾಡಲು, ಮುಂದಿನ ದೃಶ್ಯದಲ್ಲಿ ನಾಯಕನ ಕುಂಕುಮ ಎಲ್ಲಿತ್ತು ಅಂತ ನೋಡಲು ತೆಗೆದ ಚಿತ್ರಗಳು ಅವು. ಸಿನಿಮಾ ಬಿಡುಗಡೆ ಆದ ಮೇಲೆ ಯಾರಿಗೂ ಬೇಡ. ಹಾಗೆ ಯಾರಿಗೂ ಬೇಡವಾದದ್ದನ್ನು ಜೋಪಾನ ಮಾಡಿದವರಿಂದ ಇವತ್ತು ಕನ್ನಡ ಸಿನಿಮಾಕ್ಕೆ ಒಂದು ಆಲ್ಬಮ್ ಇದೆ.

ಈಗ ಮದುವೆಗೆ ಬರೋಣ. ಕರ್ನಾಟಕದಲ್ಲಿ ಕ್ಯಾಮೆರಾ ನಂಬಿ ಬದುಕುವವರಲ್ಲಿ ಬಹುಪಾಲು ಜನರ ಅನ್ನ ಇರುವುದು ಇಲ್ಲೇ. ಕಲಾವಿದರು ಇದನ್ನು ಸ್ವಲ್ಪ ಕೀಳಾಗಿ ನೋಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮಾಂಗಲ್ಯ ಕಟ್ಟುವ ಕ್ಷಣ ಇರುವುದು ಕೆಲವೇ ಸೆಕೆಂಡು. ಎದುರಿಗೆ ಪುರೋಹಿತರ ಬೆನ್ನು, ಪಕ್ಕದಲ್ಲಿ ಮೊಬೈಲ್ ಎತ್ತಿದ ಹತ್ತು ಜನ, ಮೇಲಿಂದ ಅಕ್ಷತೆ ಮಳೆ, ಹಿಂದೆ ಎಲ್‌ಇಡಿ ಬೆಳಕು. ಇನ್ನೊಮ್ಮೆ ಕಟ್ಟಿ ಅನ್ನುವ ಹಾಗಿಲ್ಲ. ಇಷ್ಟು ಒತ್ತಡ ಯುದ್ಧದ ಫೋಟೋಗ್ರಾಫರ್‌ಗಳಿಗೆ ಬಿಟ್ಟರೆ ಇವರಿಗೇ ಇರಬೇಕು, ವ್ಯತ್ಯಾಸ ಅಂದರೆ ಇಲ್ಲಿ ಊಟ ಚೆನ್ನಾಗಿರುತ್ತದೆ. ಅದೂ ಕೊನೇ ಪಂಕ್ತಿಯಲ್ಲಿ.

'ಎರಡು ದಿನಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರವಾ!' ಅಂತ ಹೆಣ್ಣಿನ ಕಡೆಯವರು ಬಾಯಿಬಿಡುತ್ತಾರೆ. ಒಂದು ಲೆಕ್ಕ ಹಾಕಿ ನೋಡೋಣ. ಊರಿಂದ ಊರಿಗೆ ರೇಟ್ ಬದಲಾಗುತ್ತದೆ, ಇದು ಬರೀ ಅರ್ಥ ಆಗಲಿ ಅಂತ ಹಾಕಿದ ಲೆಕ್ಕ. ಕ್ಯಾಂಡಿಡ್, ಅಂದರೆ ಪೋಸ್ ಕೊಡಿಸದೆ ಸಹಜವಾಗಿ ಫೋಟೋ ತೆಗೆಯುವವರಿಗೆ ದಿನಕ್ಕೆ 10,000. ವೇದಿಕೆ ಮೇಲೆ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆಯುವ ಟ್ರೆಡಿಷನಲ್ ಫೋಟೋಗೆ 5,000. ಸಿನಿಮಾ ಥರದ ವಿಡಿಯೋಗೆ 12,000, ಮಾಮೂಲಿ ವಿಡಿಯೋಗೆ 5,000. ದಿನಕ್ಕೆ 32,000 ಆಯಿತು, ಎರಡು ದಿನಕ್ಕೆ 64,000. ಒಂದು ದಿನ ಡ್ರೋನ್ 7,000. ಎರಡು ಆಲ್ಬಮ್ 24,000. ಎಡಿಟಿಂಗ್ 10,000, ಓಡಾಟ 5,000. ಒಟ್ಟು 1,10,000. ಉಳಿದದ್ದು ಹತ್ತು ಸಾವಿರ. ಸ್ಟುಡಿಯೋ ಮಾಲೀಕರೇ ಕ್ಯಾಂಡಿಡ್ ತೆಗೆದರೆ ಆ ಇಪ್ಪತ್ತು ಸಾವಿರವೂ ಕೈಯಲ್ಲೇ ಉಳಿಯುತ್ತದೆ. ಅದರಲ್ಲಿ ಕ್ಯಾಮೆರಾ ಸಾಲದ ಕಂತು, ಬಾಡಿಗೆ, ಹಾರ್ಡ್ ಡಿಸ್ಕ್. ಆಲ್ಬಮ್‌ಗೆ ಫೋಟೋ ಆರಿಸಿ ಕೊಡಿ ಅಂತ ಮನೆಯವರ ಹಿಂದೆ ಮೂರು ತಿಂಗಳು ಅಲೆಯಬೇಕು. ಅವರು ಆರಿಸುವವರೆಗೆ ಕೊನೇ ಕಂತು ಬರುವುದಿಲ್ಲ. ಅಷ್ಟರಲ್ಲಿ ಮಗು ಹುಟ್ಟಿದ ಮನೆಗಳೂ ಇವೆ.

ಮೇಲಾಗಿ ವರ್ಷಪೂರ್ತಿ ಕೆಲಸ ಇರುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಗುರು ಅಸ್ತ, ಶುಕ್ರ ಅಸ್ತ ಅಂತ ಬಂದರೆ ಅದೂ ಹೋಯಿತು. ಹೊಸ ಪಂಚಾಂಗ ಬಂದಾಗ ಪುರೋಹಿತರಷ್ಟೇ ಆಸೆಯಿಂದ ಅದನ್ನು ತಿರುವಿ ಹಾಕುವವರು ಫೋಟೋಗ್ರಾಫರ್‌ಗಳು. ಒಂದೇ ಮುಹೂರ್ತಕ್ಕೆ ಊರಲ್ಲಿ ಮೂವತ್ತು ಮದುವೆ ಬಿದ್ದರೆ ಹುಡುಗರೇ ಸಿಗುವುದಿಲ್ಲ. ಮುಂದಿನ ತಿಂಗಳು ಅದೇ ಹುಡುಗರು ಮೊಬೈಲ್ ನೋಡುತ್ತಾ ಕೂತಿರುತ್ತಾರೆ.

ನಿಯಮದ ವಿಷಯದಲ್ಲಿ ಎರಡು ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ದುಡಿಮೆಗಾಗಿ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಕು. ಎಷ್ಟು ಛತ್ರಗಳ ಮೇಲೆ ಸರ್ಟಿಫಿಕೇಟ್ ಇರುವವರು ಹಾರಿಸುತ್ತಿದ್ದಾರೆ ಅಂತ ನಾನು ಕೇಳಲು ಹೋಗುವುದಿಲ್ಲ. ಇನ್ನು ಹಕ್ಕಿನ ವಿಷಯ. ಮದುವೆ ಫೋಟೋ ದುಡ್ಡು ಕೊಟ್ಟು ತೆಗೆಸಿದ್ದು, ಆದ್ದರಿಂದ ಬೇರೆ ಬರವಣಿಗೆ ಇಲ್ಲದಿದ್ದರೆ ಹಕ್ಕು ಮನೆಯವರದು. ಮದುಮಗಳ ಚಂದದ ಫೋಟೋವನ್ನು ಸ್ಟುಡಿಯೋದವರು ಇನ್‌ಸ್ಟಾಗ್ರಾಂಗೆ ಹಾಕಬೇಕಾದರೆ ಕೊಟೇಷನ್‌ನಲ್ಲೇ ಒಂದು ಸಾಲು ಬರೆಸಿಕೊಳ್ಳುವುದು ಒಳ್ಳೆಯದು. ಹೊಸ ಗಿರಾಕಿಗಳು ಬರುವುದೇ ಅಲ್ಲಿಂದ. ಇವತ್ತಿನ ಮದುವೆ ಫೋಟೋಗ್ರಾಫರ್‌ಗೆ ನೆಗೆಟಿವ್ ಅಂದರೆ ಅದೇ, ಮತ್ತೆ ತೋರಿಸುವ ಹಕ್ಕು.

ಕಾಡಿನ ಫೋಟೋಗ್ರಾಫರ್‌ಗಳಿಗೆ ಇದರ ಪೂರ್ತಿ ಉಲ್ಟಾ ಸಮಸ್ಯೆ. ನೆಗೆಟಿವ್ ಪೂರ್ತಿ ಅವರದೇ, ಹುಲಿ ಬಂದು ಹಕ್ಕು ಕೇಳುವುದಿಲ್ಲ. ಆದರೆ ದುಡ್ಡು ಕೊಡುವವರು ಯಾರು? ಹಿಂದೆ ಯಾರೂ ಇರಲಿಲ್ಲ. ಅದಕ್ಕೇ ನಮ್ಮಲ್ಲಿ ಈ ಕಲೆ ಬೇರೆ ಆಸರೆ ಇದ್ದವರ ಕೈಯಲ್ಲಿ ಬಹಳ ಬೆಳೆಯಿತು. ಸಂಡೂರಿನ ಎಂ.ವೈ. ಘೋರ್ಪಡೆ ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಮಂತ್ರಿ, ಜೊತೆಗೆ ದೇಶದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ. ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದ ಪೂರ್ಣಚಂದ್ರ ತೇಜಸ್ವಿಯವರಿಗೆ ಕಾಫಿ ತೋಟ ಇತ್ತು. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್ ಹತ್ತಿರ ಕಲಿತ ಟಿ.ಎನ್.ಎ. ಪೆರುಮಾಳ್ ಮುಂದೆ ಎಷ್ಟೋ ಜನರಿಗೆ ಗುರುವಾದರು. ಅವರ ಕಾಲದಲ್ಲಿ ಸಿಗುತ್ತಿದ್ದದ್ದು ಸ್ಪರ್ಧೆಯ ಪದಕ, ಹೆಸರಿನ ಮುಂದೆ ನಾಲ್ಕು ಅಕ್ಷರದ ಗೌರವ. ಪದಕದಿಂದ ದಿನಸಿ ಬರುವುದಿಲ್ಲ.

ಇದನ್ನೇ ಕಸುಬು ಮಾಡಿಕೊಂಡವರು ಸ್ಥಿರಚಿತ್ರದ ಆಚೆಗೆ ದಾಟಬೇಕಾಯಿತು. ಮೈಸೂರಿನ ಕೃಪಾಕರ ಮತ್ತು ಸೇನಾನಿ ಫೋಟೋದಿಂದ ಶುರುಮಾಡಿ, ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಸಾಕ್ಷ್ಯಚಿತ್ರಕ್ಕೆ ಬಂದರು. ನಡುವೆ 1997ರಲ್ಲಿ ಕಾಡುಗಳ್ಳ ವೀರಪ್ಪನ್ ಇವರಿಬ್ಬರನ್ನೂ ಅಪಹರಿಸಿದ್ದು ಗೊತ್ತೇ ಇದೆ. ಯಾಹೂ ಕಂಪನಿಯ ಕೆಲಸ ಬಿಟ್ಟು ಕಾಡಿಗೆ ಹೋದ ಕಲ್ಯಾಣ್ ವರ್ಮ, ಅಮೋಘವರ್ಷ ಜೊತೆ ಸೇರಿ 'ವೈಲ್ಡ್ ಕರ್ನಾಟಕ' ಮಾಡಿದರು. ಅದಕ್ಕೆ ದನಿ ಕೊಟ್ಟಿದ್ದು ಡೇವಿಡ್ ಅಟೆನ್‌ಬರೊ. ಕಬಿನಿಯಲ್ಲಿ ಈಗ ಕೆಲವರಿಗೆ ಸಂಪಾದನೆ ಬರುವುದು ಫೋಟೋ ಮಾರಿ ಅಲ್ಲ, ಫೋಟೋ ತೆಗೆಯಲು ಬರುವವರನ್ನು ಕರೆದೊಯ್ದು ಕಲಿಸಿ. ಚಿನ್ನದ ಗಣಿಯಲ್ಲಿ ಚಿನ್ನ ಹುಡುಕುವುದಕ್ಕಿಂತ ಗುದ್ದಲಿ ಮಾರುವುದು ವಾಸಿ ಅಂದ ಹಾಗೆ. ಕಾಡು ಮಾತ್ರ ಯಾರ ಸ್ವಂತದ್ದೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಫೋಟೋಗೆಂದು ಹೋಗಲು ಅನುಮತಿ ಬೇಕು, ಮತ್ತು ಅದು ಬೇಕಾದದ್ದೇ. ಗೂಡಿನ ಮುಂದಿನ ರೆಂಬೆ ಕಡಿದು ಮರಿಗಳ ಫೋಟೋ ತೆಗೆದವರನ್ನು ನಾನೇ ನೋಡಿದ್ದೇನೆ.

ಕಲೆಯ ಗ್ಯಾಲರಿ ಅನ್ನುವುದು ಮತ್ತೊಂದು ಲೋಕ. ಅಲ್ಲಿ ಕಾಪಿ ಜಾಸ್ತಿ ಆದಷ್ಟೂ ಬೆಲೆ ಕಮ್ಮಿ. ಒಂದು ಚಿತ್ರದ ಏಳೇ ಪ್ರಿಂಟ್ ಹಾಕುತ್ತೇನೆ, ಎಂಟನೆಯದು ಹಾಕುವುದಿಲ್ಲ ಅಂತ ಮಾತು ಕೊಟ್ಟು ಮಾರುತ್ತಾರೆ. ಮಾವನ ಗ್ರೂಪ್ ಫೋಟೋ ಲೆಕ್ಕಕ್ಕೆ ನೇರ ಎದುರು. ಮೇಲೆ ಹೇಳಿದ ಲ್ಯಾಂಗ್ ಚಿತ್ರವನ್ನೇ ನೋಡಿ. ಅದರ ಹಕ್ಕು ಎಲ್ಲರದು, ಬೆಲೆ ಸೊನ್ನೆ. ಆದರೆ ಅವರ ಕಾಲದ ಒಂದು ಪ್ರಿಂಟ್ 1998ರ ಹರಾಜಿನಲ್ಲಿ 2,44,500 ಡಾಲರಿಗೆ ಹೋಯಿತು. ಇಲ್ಲೂ ವಸ್ತು ಬೇರೆ, ಹಕ್ಕು ಬೇರೆ. ಛಾಯಾಗ್ರಾಹಕಿ ದಯಾನಿತಾ ಸಿಂಗ್ ಇನ್ನೂ ಮುಂದೆ ಹೋಗಿ, ಪುಸ್ತಕವನ್ನೇ ಪ್ರದರ್ಶನ ಮಾಡಿದರು. ಓದುವಾಗ ತಬಲಾ ವಾದಕ ಜಾಕಿರ್ ಹುಸೇನ್ ಅವರ ಜೊತೆ ಊರೂರು ತಿರುಗಿ ಫೋಟೋ ತೆಗೆದ ವಿದ್ಯಾರ್ಥಿನಿಗೆ 2022ರಲ್ಲಿ ಫೋಟೋಗ್ರಫಿಯ ದೊಡ್ಡ ಗೌರವವಾದ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಬಂತು.

ಇನ್ನು, ಯಾರೂ ಹೇಳದೆ ತೆಗೆದ ಫೋಟೋ ಯಾರಿಗೋ ಬೇಕಾಗುವುದು. ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಹಸಿರು ಗುಡ್ಡ, ನೀಲಿ ಆಕಾಶ ನೆನಪಿದೆಯಾ? ಚಾರ್ಲ್ಸ್ ಒ'ರಿಯರ್ 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೆಳತಿಯನ್ನು ನೋಡಲು ಹೋಗುವಾಗ ದಾರಿಯಲ್ಲಿ ಕಾರು ನಿಲ್ಲಿಸಿ ತೆಗೆದದ್ದು. ಫೋಟೋ ಮಾರಿಕೊಡುವ ಏಜೆನ್ಸಿಗೆ ಕೊಟ್ಟು ಸುಮ್ನಿದ್ದರು. ವರ್ಷಗಳ ನಂತರ ಮೈಕ್ರೋಸಾಫ್ಟ್ ಅದರ ಹಕ್ಕು ಕೊಂಡಿತು. ಮೂಲ ಫಿಲ್ಮಿನ ಬೆಲೆ ಕೇಳಿ ಕೊರಿಯರ್‌ನವರು ಹೆದರಿದ್ದರಿಂದ ಒ'ರಿಯರ್ ತಾವೇ ವಿಮಾನದಲ್ಲಿ ಒಯ್ದು ಕೊಟ್ಟರು. ಇದು ಲಾಟರಿ. ಲಾಟರಿ ನಂಬಿ ಬಹಳ ಜನ ಸ್ಟಾಕ್ ಫೋಟೋಗೆ, ಅಂದರೆ ಮೊದಲೇ ತೆಗೆದಿಟ್ಟು ಬೇಕಾದವರಿಗೆ ಮಾರುವ ಫೋಟೋಗೆ ಇಳಿದರು. ಅಷ್ಟರಲ್ಲಿ 2000ದಲ್ಲಿ ಶುರುವಾದ ಐಸ್ಟಾಕ್‌ಫೋಟೋ ಒಂದೆರಡು ಡಾಲರಿಗೆ ಫೋಟೋ ಕೊಡತೊಡಗಿತು, 2006ರಲ್ಲಿ ಗೆಟ್ಟಿ ಕಂಪನಿ ಅದನ್ನು 5 ಕೋಟಿ ಡಾಲರಿಗೆ ಕೊಂಡಿತು. ಹವ್ಯಾಸಿಗಳ ಲಕ್ಷಾಂತರ ಚಿತ್ರ ಬಂದು ಬಿದ್ದವು, ಬೆಲೆ ಪಾತಾಳಕ್ಕೆ ಇಳಿಯಿತು. ಪತ್ರಿಕೆಗಳಿಗೂ ಈ ಗಾಳಿ ತಾಗಿತು. 2013ರ ಮೇ ತಿಂಗಳಲ್ಲಿ ಶಿಕಾಗೊ ಸನ್-ಟೈಮ್ಸ್ ತನ್ನ 28 ಛಾಯಾಗ್ರಾಹಕರನ್ನೂ ಒಂದೇ ದಿನ ಮನೆಗೆ ಕಳಿಸಿತು. ಅವರಲ್ಲಿ ಪುಲಿಟ್ಜರ್ ಗೆದ್ದಿದ್ದ ಜಾನ್ ವೈಟ್ ಕೂಡ ಇದ್ದರು. ವರದಿಗಾರರಿಗೆ ಐಫೋನಿನಲ್ಲಿ ಫೋಟೋ ತೆಗೆಯುವುದನ್ನು ಕಲಿಸಲಾಯಿತು.

ನನ್ನದೂ ಒಂದು ಸಣ್ಣ ಕಥೆ. ಜಾತ್ರೆಯೊಂದರಲ್ಲಿ ತೇರಿಗೆ ಬಾಳೆಹಣ್ಣು ಎಸೆಯುವ ಫೋಟೋ ತೆಗೆದು ಒಂದು ಪತ್ರಿಕೆಗೆ ಕೊಟ್ಟಿದ್ದೆ. ಮುಂದಿನ ವರ್ಷ ಒಂದು ಸಂಸ್ಥೆಯ ಕ್ಯಾಲೆಂಡರಿನ ಏಪ್ರಿಲ್ ತಿಂಗಳಲ್ಲಿ ಅದೇ ಫೋಟೋ, ಕೆಳಗೆ ನನ್ನ ಹೆಸರಿಲ್ಲ. ಫೋನ್ ಮಾಡಿದೆ. 'ತುಂಬಾ ಚೆನ್ನಾಗಿ ಬಂದಿದೆ ಸಾರ್, ನಿಮಗೂ ಎರಡು ಕ್ಯಾಲೆಂಡರ್ ಕಳಿಸ್ತೀವಿ' ಅಂದರು. ಆಮೇಲೆ ಕಾನೂನು ಓದಿದೆ. ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು, ಬಾಯಿಮಾತು ನಡೆಯುವುದಿಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಮಾರಿದಮೇಲೂ 'ಇದು ನಾನು ತೆಗೆದದ್ದು' ಅಂತ ಹೇಳಿಕೊಳ್ಳುವ ಹಕ್ಕು ಉಳಿಯುತ್ತದೆ, ಅದು ಸೆಕ್ಷನ್ 57. ಹಿಂದೆ ಫೋಟೋದ ಕಾಪಿರೈಟ್ ಪ್ರಕಟವಾದ ಮೇಲೆ 60 ವರ್ಷ ಇತ್ತು. 2012ರ ತಿದ್ದುಪಡಿ ಬಂದಮೇಲೆ ತೆಗೆದವರ ಜೀವಮಾನ, ಅದರ ಮೇಲೆ 60 ವರ್ಷ. ಇಷ್ಟೆಲ್ಲ ಓದಿಕೊಂಡು ಮತ್ತೆ ಫೋನ್ ಮಾಡಿದೆ. ಕ್ಯಾಲೆಂಡರ್ ಬಂತು.

ಮಾವ ಸ್ಟುಡಿಯೋ ಮುಚ್ಚಿ ಬಹಳ ವರ್ಷ ಆಯಿತು. ನೆಗೆಟಿವ್‌ಗಳು ಮನೆಯ ಅಟ್ಟದಲ್ಲಿ ಮೂರು ಟ್ರಂಕಿನಲ್ಲಿವೆ. ಬೆಳ್ಳಿ ತೆಗೆಯುತ್ತೇವೆ ಅಂತ ಗುಜರಿಯವರು ಕೇಳಿಕೊಂಡು ಬಂದಿದ್ದರು, ಕೊಡಲಿಲ್ಲ. ಕಳೆದ ವರ್ಷ ನಾನಲ್ಲಿದ್ದಾಗ ನಡುವಯಸ್ಸಿನ ಒಬ್ಬರು ಬಂದರು. ಕೈಯಲ್ಲಿ ನೀರು ಕುಡಿದು ಕಲೆಯಾದ ಒಂದು ಫೋಟೋ. ಅವರಪ್ಪನದು, ಬೇರೆ ಫೋಟೋ ಇಲ್ಲವಂತೆ. ಹಿಂದೆ ಸೀಲ್ ಇತ್ತು, ನಂಬರ್ ಅರ್ಧ ಅಳಿಸಿತ್ತು. ಮಾವ ರಿಜಿಸ್ಟರ್ ತೆಗೆದು, ಕನ್ನಡಕ ಹಾಕಿಕೊಂಡು, ಒಂದು ಮಧ್ಯಾಹ್ನ ಪೂರ್ತಿ ಹುಡುಕಿದರು. ಸಿಕ್ಕಿತು. ಮೂಲೆಯಲ್ಲಿ ಬೂಸ್ಟು ಹಿಡಿದಿತ್ತು, ಮುಖ ಚೆನ್ನಾಗಿತ್ತು. ಸ್ಕ್ಯಾನ್ ಮಾಡಿಸಿ ದೊಡ್ಡ ಪ್ರಿಂಟ್ ಹಾಕಿಸಿದೆವು.

ಅವರು ಹೊರಡುವಾಗ, 'ಆ ನೆಗೆಟಿವ್ ನನಗೇ ಕೊಡ್ತೀರಾ?' ಅಂತ ಕೇಳಿದರು. ಮಾವ ಇಲ್ಲ ಅಂದರು.

ಅವರು ಹೋದಮೇಲೆ ನಾನು ಸೆಕ್ಷನ್ 17 ಹೇಳಿದೆ. ಹಕ್ಕು ಅವರ ಮನೆಯವರದು ಮಾವ, ಅಂದೆ.

'ಕಾನೂನು ಹಂಗೇ ಇರ್ಲಿ ಕಣೋ' ಅಂದರು ಮಾವ. 'ಅವರ ಮನೇಲಿ ಇದ್ದಿದ್ರೆ ಇವತ್ತು ಸಿಗ್ತಿತ್ತಾ?' ನೆಗೆಟಿವನ್ನು ಕಾಗದದ ಕವರಿಗೆ ಹಾಕಿ, ಅಳಿಸಿಹೋಗಿದ್ದ ನಂಬರನ್ನು ಪೆನ್ಸಿಲ್‌ನಲ್ಲಿ ಮತ್ತೆ ತಿದ್ದಿದರು. ಬೂಸ್ಟು ಜಾಸ್ತಿ ಆಗಿದೆ, ಮುಂದಿನ ಸಲ ಬರುವಾಗ ಟ್ರಂಕಿಗೆ ಹಾಕಲು ಸಿಲಿಕಾ ಜೆಲ್ ತಗೊಂಡು ಬಾ ಅಂದರು.